ಕಡೆಯ ಪಂಕ್ತಿಯಲ್ಲಿ ಕುಳಿತ ದ್ವೀಪಗಳು

(ಕರಾವಳಿಯ ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರ ಮುಂದೆ ಮಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ)

ಒಂದು ಸಭೆ ಕರೆಯುವುದು ಎಷ್ಟು ಕಷ್ಟ ಎಂಬಲ್ಲಿಂದಲೇ ಆರಂಭಿಸೋಣ. ನಿಮ್ಮಲ್ಲಿ ಬಹುತೇಕರು ಸಂಘ ಸಂಸ್ಥೆ ನಡೆಸುವವರು. ಐದು ತಾಲ್ಲೂಕುಗಳ ಜನರನ್ನು ಒಂದು ಭಾನುವಾರ ಒಂದು ಕೋಣೆಯಲ್ಲಿ ಕೂರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ ಎಂಬುದು ನಿಮಗೆ ಗೊತ್ತು. ಈಗ ಪೆಸಿಫಿಕ್ ಸಾಗರದ ನಡುವಿನ ಎರಡು ಊರುಗಳನ್ನು ನೋಡಿ. ಒಂದು, ಸಮೋವಾ ದೇಶದ ರಾಜಧಾನಿ ಆಪಿಯಾ. ಇನ್ನೊಂದು, ಅಮೆರಿಕದ ಅಧೀನದಲ್ಲಿರುವ ಅಮೆರಿಕನ್ ಸಮೋವಾದ ಪಾಗೊ ಪಾಗೊ. ಎರಡೂ ಕಡೆ ಆಡುವುದು ಒಂದೇ ಭಾಷೆ, ನೆಂಟರಿಷ್ಟರು ಎರಡೂ ಕಡೆ ಹಂಚಿಹೋಗಿದ್ದಾರೆ. ವಿಮಾನದಲ್ಲಿ ಅರ್ಧ ಗಂಟೆ ಚಿಲ್ಲರೆಯ ದಾರಿ. ಆದರೆ ಆಪಿಯಾದಲ್ಲಿ ಸೋಮವಾರ ಬೆಳಗ್ಗೆ ಹತ್ತು ಗಂಟೆಯಾದಾಗ ಪಾಗೊ ಪಾಗೊದಲ್ಲಿ ಭಾನುವಾರ ಬೆಳಗ್ಗೆ ಹತ್ತು ಗಂಟೆ. ಒಂದೂರಿನವರು ಕಚೇರಿಯಲ್ಲಿದ್ದಾರೆ, ಇನ್ನೊಂದೂರಿನವರು ಇಗರ್ಜಿಯಲ್ಲಿದ್ದಾರೆ.

ಇದು ಹೀಗಾದದ್ದು 2011ರ ಕೊನೆಯಲ್ಲಿ. ಅಲ್ಲಿಯವರೆಗೆ ಎರಡೂ ಊರುಗಳು, ದಾಟಿದರೆ ತಾರೀಖು ಒಂದು ದಿನ ಬದಲಾಗುವ ದಿನಾಂಕ ರೇಖೆಯ ಒಂದೇ ಬದಿಯಲ್ಲಿದ್ದವು. ವ್ಯಾಪಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆಗೆ, ವಾರವೆಲ್ಲ ಅಮೆರಿಕದ ಲೆಕ್ಕದಲ್ಲಿ. ಇದು ಸರಿಹೋಗುವುದಿಲ್ಲ ಎಂದು ಸಮೋವಾ ಸರ್ಕಾರ ರೇಖೆಯ ಈಚೆಗೆ ಬಂದಿತು. ಡಿಸೆಂಬರ್ 29ರ ರಾತ್ರಿ ಮಲಗಿದ ದೇಶ 31ರಂದು ಎದ್ದಿತು. ನಡುವಿನ ಶುಕ್ರವಾರ ಅವರ ಪಂಚಾಂಗದಲ್ಲೇ ಇಲ್ಲ.

ಫಿಜಿಯ ರಾಜಧಾನಿ ಸುವಾದಲ್ಲಿ ಕುಳಿತು ಇಡೀ ಪ್ರದೇಶದ ಸಂಘಟನೆಗಳನ್ನು ಜೋಡಿಸುವವರಿಗೆ ಇದರ ಅರ್ಥ ಏನು? ಕುಕ್ ದ್ವೀಪಗಳು, ನಿಯುವೆ, ತಾಹಿತಿಯಂಥ ಪೂರ್ವದ ದ್ವೀಪಗಳ ಜೊತೆ ವಾರದಲ್ಲಿ ನಾಲ್ಕೇ ದಿನ ಕಚೇರಿ ಕೆಲಸ ನಡೆಯುತ್ತದೆ. ಸುವಾದ ಸೋಮವಾರ ಅವರಿಗೆ ಭಾನುವಾರ, ಅವರ ಶುಕ್ರವಾರ ಸುವಾಕ್ಕೆ ಶನಿವಾರ. ಮುಖತಃ ಕೂರಿಸೋಣವೆಂದರೆ ಇನ್ನೂ ತೊಡಕು. ನಿಯುವೆಯಿಂದ ಸುವಾಕ್ಕೆ ಬರಬೇಕಾದವರು ಮೊದಲು ದಕ್ಷಿಣಕ್ಕೆ ಹಾರಿ ಆಕ್ಲೆಂಡ್ ತಲುಪಬೇಕು, ಅಲ್ಲಿಂದ ಮತ್ತೆ ಉತ್ತರಕ್ಕೆ ಬರಬೇಕು. ಉಡುಪಿಯವರು ಕುಂದಾಪುರಕ್ಕೆ ಚೆನ್ನೈ ಮೇಲಿನಿಂದ ಹೋದ ಹಾಗೆ. ಟಿಕೆಟ್ಟಿನ ಹಣದಲ್ಲಿ ಆ ದ್ವೀಪದ ಒಂದು ಸಣ್ಣ ಸಂಘ ಎಷ್ಟೋ ತಿಂಗಳು ನಡೆದೀತು.

ಇಷ್ಟೆಲ್ಲದರ ನಡುವೆ 1991ರಿಂದ ಒಂದು ಜಾಲ ನಡೆದುಕೊಂಡು ಬಂದಿದೆ. ಪೆಸಿಫಿಕ್ ದ್ವೀಪಗಳ ಸರ್ಕಾರೇತರ ಸಂಸ್ಥೆಗಳ ಒಕ್ಕೂಟ ಅದು, ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಪಿಯಾಂಗೊ ಎನ್ನುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ದೇಶ ಮತ್ತು ಪ್ರಾಂತ್ಯಗಳು ಇದರ ವ್ಯಾಪ್ತಿಯಲ್ಲಿವೆ. ಇದು ಬಿಡಿ ಸಂಸ್ಥೆಗಳ ಕೂಟವಲ್ಲ, ಒಕ್ಕೂಟಗಳ ಒಕ್ಕೂಟ. ಒಂದೊಂದು ದೇಶದಲ್ಲೂ ಅಲ್ಲಿನ ಸಂಸ್ಥೆಗಳು ಸೇರಿ ಮಾಡಿಕೊಂಡ ಒಂದು ಕೊಡೆ ಇರುತ್ತದೆ, ಆ ಕೊಡೆಗಳೆಲ್ಲ ಸೇರಿ ಈ ದೊಡ್ಡ ಕೊಡೆ. ಕಿರಿಬಾಸ್‌ನದು ಕಾಂಗೊ, ವನುವಾಟುವಿನದು ವಾಂಗೊ, ಸಮೋವಾದ್ದು ಸುಂಗೊ, ಟುವಾಲುವಿನದು ಟ್ಯಾಂಗೊ. ಟಾಂಗಾ ದೇಶದಲ್ಲೂ ಒಂದು ಕಾಲಕ್ಕೆ ಇನ್ನೊಂದು ಟ್ಯಾಂಗೊ ಇತ್ತು. ಪತ್ರಗಳು ಎಷ್ಟು ಸಲ ತಪ್ಪು ವಿಳಾಸಕ್ಕೆ ಹೋದವೋ! ಫಿಜಿಯ ಸಮಾಜ ಸೇವಾ ಮಂಡಳಿ ಮಾತ್ರ ಈ ಪ್ರಾಸಕ್ಕೆ ಸೇರುವುದಿಲ್ಲ. ಅದು 1957ರದು, ಬ್ರಿಟಿಷರ ಕಾಲದ ಹಿರಿಯಜ್ಜಿ.

ನಮ್ಮಲ್ಲಿ ಒಂದು ಗಾದೆಯಿದೆ: ಬಡಿಸುವವನು ನಮ್ಮವನಾದರೆ ಕಡೆಯ ಪಂಕ್ತಿಯಾದರೇನು? ಸ್ವಜನಪಕ್ಷಪಾತದ ಗಾದೆ ಎಂದು ನಾವು ನಕ್ಕು ಬಿಡುತ್ತೇವೆ. ಆದರೆ ಅದನ್ನು ಕಡೆಯ ಪಂಕ್ತಿಯಲ್ಲಿ ಕುಳಿತವನ ಕಣ್ಣಿನಿಂದ ಒಮ್ಮೆ ನೋಡಿ. ಅವನ ಆತಂಕ ನಿಜವಾದದ್ದು. ಪಾಪುವಾ ನ್ಯೂಗಿನಿಯ ಜನಸಂಖ್ಯೆ ಕೋಟಿಯ ಆಸುಪಾಸಿನಲ್ಲಿದೆ, ನಿಯುವೆಯಲ್ಲಿ ಎರಡು ಸಾವಿರ ಜನರೂ ಇಲ್ಲ. ಟುವಾಲುವಿನ ಒಂಬತ್ತೂ ದ್ವೀಪಗಳ ನೆಲ ಸೇರಿಸಿದರೆ 26 ಚದರ ಕಿಲೋಮೀಟರ್. ಇವರೆಲ್ಲ ಒಂದೇ ಚಾಪೆಯ ಮೇಲೆ ಕೂರಬೇಕು. ಇಲ್ಲಿ ಮುಂದಾಳುವಿನ ಕೆಲಸ ಮುಂದೆ ನಿಂತು ಭಾಷಣ ಮಾಡುವುದಲ್ಲ, ಸೌಟು ಹಿಡಿದು ಕೊನೆಯ ಎಲೆಯವರೆಗೆ ನಡೆಯುವುದು. ಪಿಯಾಂಗೊದ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದ ಫಿಜಿಯ ಎಮೆಲೆ ದುಯಿತುತುರಾಗಾ, ಅವರ ನಂತರ ಆ ಹೊಣೆ ಹೊತ್ತ ಟಾಂಗಾದ ಎಮೆಲಿನ್ ಸಿಯಾಲೆ ಇಲೊಲಾಹಿಯಾ ಇಬ್ಬರೂ ಮಹಿಳೆಯರು. ಎರಡನೆಯವರು ಅದಕ್ಕೆ ಮೊದಲು ತಮ್ಮ ದೇಶದ ಕೊಡೆಯನ್ನೇ ಹಿಡಿದಿದ್ದವರು. ಸಣ್ಣ ಎಲೆಯ ಮುಂದೆ ಕುಳಿತು ಉಂಡವರ ಕೈಗೆ ಸೌಟು ಬರುವುದು ಒಳ್ಳೆಯದೆಂದೇ ನನ್ನ ಎಣಿಕೆ.

ಸರದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸರ್ಕಾರಗಳ ಕಡೆಯಿಂದ ಒಂದು ನಿದರ್ಶನ ಕೊಡುತ್ತೇನೆ. ಪೆಸಿಫಿಕ್ ದ್ವೀಪಗಳ ವೇದಿಕೆ ಎಂಬುದು ಅಲ್ಲಿನ ದೇಶಗಳ ಕೂಟ, 1971ರಲ್ಲಿ ಹುಟ್ಟಿದ್ದು. ಅದರ ಪ್ರಧಾನ ಕಾರ್ಯದರ್ಶಿಯ ಸ್ಥಾನ ಈ ಬಾರಿ ಉತ್ತರದ ಮೈಕ್ರೊನೇಷ್ಯಾದವರಿಗೆ ಎಂದು ಬಾಯಿಮಾತಿನ ಒಪ್ಪಂದವಿತ್ತು. 2021ರ ಫೆಬ್ರವರಿಯಲ್ಲಿ ಮತಕ್ಕೆ ಹಾಕಿದರು. ಕುಕ್ ದ್ವೀಪಗಳ ಹೆನ್ರಿ ಪುನಾ ಒಂಬತ್ತು ಮತ ಪಡೆದರು, ಮೈಕ್ರೊನೇಷ್ಯಾದ ಅಭ್ಯರ್ಥಿ, ಮಾರ್ಷಲ್ ದ್ವೀಪಗಳ ಜೆರಾಲ್ಡ್ ಜಕಿಯೊಸ್ ಎಂಟು. ನಿಯಮದ ಪ್ರಕಾರ ಎಲ್ಲ ಸರಿ. ಆದರೆ ಮೈಕ್ರೊನೇಷ್ಯಾದ ಐದೂ ದೇಶಗಳು ಎದ್ದು ಹೊರಡುತ್ತೇವೆ ಎಂದವು. ಸಮಾಧಾನ ಮಾಡಲು 2022ರ ಜೂನ್‌ವರೆಗೆ ಹಿಡಿಯಿತು, ಅದಾದ ಮೇಲೂ ಆ ಐದರಲ್ಲೊಂದಾದ ಕಿರಿಬಾಸ್ ಹೊರಗೆ ಹೋಗಿ ಮರುವರ್ಷ ಮರಳಿತು. ಒಂದೇ ಒಂದು ಮತದ ಬಹುಮತದಿಂದ ಅಧ್ಯಕ್ಷರನ್ನು ಆರಿಸಿಕೊಂಡು ವರ್ಷಗಟ್ಟಲೆ ಮಾತು ಬಿಟ್ಟ ಸಂಘಗಳು ನಮ್ಮ ನಡುವೆಯೂ ಇವೆಯಲ್ಲ, ನೀವೇ ನೆನಪಿಸಿಕೊಳ್ಳಿ.

ಕಚೇರಿ ಎಲ್ಲಿದೆ ಎಂಬುದೂ ಮುಂದಾಳತ್ವದ ಪ್ರಶ್ನೆಯೇ. ಸುವಾದಲ್ಲಿ ವಿಮಾನ ಸಂಪರ್ಕವಿದೆ, ರಾಯಭಾರ ಕಚೇರಿಗಳಿವೆ, ಹಲವು ಪ್ರಾದೇಶಿಕ ಸಂಸ್ಥೆಗಳು ಅಲ್ಲೇ ಇವೆ. ಆದರೆ ಫಿಜಿಯಲ್ಲಿ 1987, 2000, 2006 ಹೀಗೆ ಮತ್ತೆ ಮತ್ತೆ ಸರ್ಕಾರವನ್ನೇ ಬಲದಿಂದ ಉರುಳಿಸಿದ ದಂಗೆಗಳಾದವು. 2009ರ ಏಪ್ರಿಲ್‌ನಿಂದ 2012ರ ಆರಂಭದವರೆಗೆ ತುರ್ತು ಕಾಯಿದೆ ಜಾರಿಯಲ್ಲಿತ್ತು, ಸಭೆ ಸೇರಲು ಪರವಾನಗಿ ಬೇಕಿತ್ತು. ಪ್ರಜಾಸತ್ತೆಯ ಪರವಾಗಿ ದನಿ ಎತ್ತಬೇಕಾದ ಜಾಲದ ಮನೆ ಇರುವುದೇ ಅಂಥ ಊರಿನಲ್ಲಿ. ಮುಂದೆ 2013ರಲ್ಲಿ ಅದೇ ಫಿಜಿ ಸರ್ಕಾರ ತನ್ನದೇ ಒಂದು ಹೊಸ ಪ್ರಾದೇಶಿಕ ವೇದಿಕೆ ಕಟ್ಟಿತು, ಅಲ್ಲಿ ನಾಗರಿಕ ಸಂಘಟನೆಗಳಿಗೂ ಸರ್ಕಾರಗಳ ಜೊತೆಯಲ್ಲೇ ಕುರ್ಚಿ ಹಾಕಿತು. ಪಿಯಾಂಗೊ ಆ ಕುರ್ಚಿಯಲ್ಲಿ ಕುಳಿತಿತು. ದಂಗೆಯಿಂದ ಬಂದವರ ಮೇಜಿಗೆ ಹೋಗಬಹುದೇ? ಹೋಗದಿದ್ದರೆ, ದಶಕಗಳಿಂದ ಬಾಗಿಲಾಚೆ ನಿಂತವರಿಗೆ ಸಿಕ್ಕ ಕುರ್ಚಿಯನ್ನು ಬಿಟ್ಟುಕೊಟ್ಟಂತಾಗುವುದಿಲ್ಲವೇ? ನಾನಾಗಿದ್ದರೆ ಹೋಗುತ್ತಿದ್ದೆ, ಹಿಂಜರಿಯುತ್ತಲೇ ಹೋಗುತ್ತಿದ್ದೆ. 2015ರಲ್ಲಿ ಆ ವೇದಿಕೆಯ ಸುವಾ ಘೋಷಣೆ ಭೂಮಿಯ ತಾಪ ಏರಿಕೆಯನ್ನು 1.5 ಡಿಗ್ರಿಯೊಳಗೆ ನಿಲ್ಲಿಸಬೇಕೆಂದು ಪ್ಯಾರಿಸ್ ಸಮಾವೇಶಕ್ಕೆ ಮೊದಲೇ ಗಟ್ಟಿಯಾಗಿ ಕೇಳಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಮಂಗಳೂರಿನಲ್ಲಿ ನಿಂತು ದ್ವೀಪಗಳ ಮಾತಾಡುವಾಗ ಇದನ್ನು ಬಿಡಲಾಗದು. ನಮ್ಮ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ತುಂಬುವುದನ್ನು ನೀವು ನೋಡಿದ್ದೀರಿ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದು ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು ಎಂಬುದು ಎಷ್ಟು ಜನರಿಗೆ ನೆನಪಿದೆ? ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮೀನಿಯ ಜನ ಓಡದಲ್ಲಿ ಮಂಗಳೂರಿಗೆ ಬಂದು, ನಮ್ಮನ್ನು ನೀವೇ ನೋಡಿಕೊಳ್ಳಿ ಎಂದು ಟಿಪ್ಪು ಸುಲ್ತಾನನನ್ನು ಕೇಳಿಕೊಂಡರು. ತಮ್ಮ ಪಾಲುದಾರನನ್ನು ತಾವೇ ಹುಡುಕಿಕೊಂಡು ಕಡಲು ದಾಟಿ ಬಂದವರು! 1799ರ ನಂತರ ದ್ವೀಪಗಳು ಕಂಪನಿಗೆ ಸೇರಿದವು. ಧಣಿ ಬದಲಾದರೂ ತಕ್ಕಡಿ ಬದಲಾಗಲಿಲ್ಲ. ದ್ವೀಪದವರು ಹೊಸೆದ ತೆಂಗಿನ ನಾರನ್ನು ಸರ್ಕಾರಕ್ಕೇ ಒಪ್ಪಿಸಬೇಕು, ಅದಕ್ಕೆ ಬದಲಾಗಿ ಅಕ್ಕಿ ಪಡೆಯಬೇಕು. ನಾರಿಗೆ ಎಷ್ಟು, ಅಕ್ಕಿಗೆ ಎಷ್ಟು ಎಂಬುದನ್ನು ನಿಗದಿ ಮಾಡುತ್ತಿದ್ದುದು ಈ ದಡದಲ್ಲಿ. ಕಾಗದದ ಮೇಲೆ ಅದೂ ಒಂದು ಒಪ್ಪಂದವೇ ಆಗಿತ್ತು.

ಪೆಸಿಫಿಕ್‌ಗೆ ಮರಳೋಣ. 2015ರ ಮಾರ್ಚ್ 13ರ ರಾತ್ರಿ ಪ್ಯಾಮ್ ಚಂಡಮಾರುತ ವನುವಾಟುವಿಗೆ ಅಪ್ಪಳಿಸಿತು. ಸುಮಾರು ಮೂರು ಲಕ್ಷ ಜನರ ದೇಶ. ಗಾಳಿಯ ರಭಸಕ್ಕೆ ಹೋಲಿಸಿದರೆ ಸಾವುಗಳು ತೀರಾ ಕಡಿಮೆ, ಏಕೆಂದರೆ ಎಲ್ಲಿ ಅಡಗಬೇಕು, ಏನನ್ನು ಹೂತಿಡಬೇಕು ಎಂಬುದು ಅಲ್ಲಿನ ಹಳ್ಳಿಗರಿಗೆ ಗೊತ್ತಿತ್ತು. ಆಮೇಲೆ ಎರಡನೆಯ ಪ್ರವಾಹ ಬಂತು: ನೆರವಿನ ಸಂಸ್ಥೆಗಳದು. ರಾಜಧಾನಿ ಪೋರ್ಟ್ ವಿಲಾದ ವಿಮಾನ ನಿಲ್ದಾಣದಲ್ಲಿ ಒಂದೊಂದು ಬಣ್ಣದ ಅಂಗಿ ತೊಟ್ಟ ತಂಡಗಳು ಇಳಿದವು. ತಮ್ಮನ್ನು ಕೇಳದೆ ಕೆಲಸ ಮಾಡುತ್ತಿದ್ದಾರೆ, ಯಾರು ಎಲ್ಲಿ ಏನು ಹಂಚುತ್ತಿದ್ದಾರೆಂದೇ ತಿಳಿಯುತ್ತಿಲ್ಲ ಎಂದು ದೇಶದ ಅಧಿಕಾರಿಗಳೇ ಬಹಿರಂಗವಾಗಿ ದೂರಿದರು. ಸ್ಥಳೀಯ ಸಂಸ್ಥೆಗಳ ಪಾಡಂತೂ ಹೇಳುವಂತಿಲ್ಲ. ವರ್ಷಗಟ್ಟಲೆ ತರಬೇತಿ ಕೊಟ್ಟು ಬೆಳೆಸಿದ ಹುಡುಗ ಹುಡುಗಿಯರನ್ನು ಹೊರಗಿನವರು ಹೆಚ್ಚು ಸಂಬಳಕ್ಕೆ ಎತ್ತಿಕೊಂಡು ಹೋಗುವುದು ಪ್ರತಿ ವಿಪತ್ತಿನಲ್ಲೂ ನಡೆಯುವ ಕಥೆ. ಚಂಡಮಾರುತ ಮನೆಯ ಮಾಡು ಹಾರಿಸಿದರೆ ನೆರವು ಸಂಸ್ಥೆಯ ನಡುಕಂಬವನ್ನೇ ಎಳೆಯುತ್ತದೆ.

ಮರುವರ್ಷ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಮಾನವೀಯ ನೆರವಿನ ಶೃಂಗಸಭೆ ನಡೆಯಿತು. 2020ರೊಳಗೆ ನೆರವಿನ ಹಣದಲ್ಲಿ ಕಾಲುಭಾಗವನ್ನಾದರೂ ಆದಷ್ಟು ನೇರವಾಗಿ ಸ್ಥಳೀಯರಿಗೆ ಕೊಡುತ್ತೇವೆ ಎಂದು ದೊಡ್ಡ ದಾನಿಗಳು, ದೊಡ್ಡ ಸಂಸ್ಥೆಗಳು ಸಹಿ ಹಾಕಿದರು. 2020 ಬಂದಾಗ ಲೋಕದ ಲೆಕ್ಕ ಆ ಗುರಿಯ ಹತ್ತಿರಕ್ಕೂ ಸುಳಿದಿರಲಿಲ್ಲ.

ಆದರೆ 2020ರಲ್ಲೇ ಯಾರೂ ಯೋಜಿಸದ ಒಂದು ಪರೀಕ್ಷೆ ನಡೆದುಹೋಯಿತು. ಏಪ್ರಿಲ್ ಮೊದಲ ವಾರ ಹೆರಾಲ್ಡ್ ಚಂಡಮಾರುತ ಬಂತು. ಸೊಲೊಮನ್ ದ್ವೀಪಗಳಲ್ಲಿ ದೋಣಿಯಿಂದ 27 ಜನರನ್ನು ಕೊಚ್ಚಿಕೊಂಡು ಹೋಯಿತು, ವನುವಾಟುವಿನ ಸಾಂಟೊ, ಪೆಂಟೆಕೋಸ್ಟ್ ದ್ವೀಪಗಳನ್ನು ಪುಡಿ ಮಾಡಿತು, ಫಿಜಿ, ಟಾಂಗಾಗಳಿಗೂ ಹೋಯಿತು. ಆ ಹೊತ್ತಿಗೆ ಕೋವಿಡ್‌ನಿಂದ ಗಡಿಗಳು ಮುಚ್ಚಿದ್ದವು. ವನುವಾಟುವಿನಲ್ಲಿ ಒಬ್ಬನೇ ಒಬ್ಬ ಸೋಂಕಿತನಿರಲಿಲ್ಲ, ಸೋಂಕು ಒಳಗೆ ಬರಲು ಬಿಡುವುದಿಲ್ಲ ಎಂದು ಸರ್ಕಾರ ಹಟ ಹಿಡಿಯಿತು. ಸಾಮಾನು ಬರಲಿ, ಜನ ಬೇಡ. ಬಂದ ಪೆಟ್ಟಿಗೆಗಳನ್ನೂ ಕೆಲವು ದಿನ ಬೇರೆಯಾಗಿ ಇಟ್ಟು ಆಮೇಲೆ ಮುಟ್ಟಿದರು. ಐದು ವರ್ಷದ ಹಿಂದೆ ಅಂಗಿಗಳ ಬಣ್ಣ ಎಣಿಸಲಾಗದಿದ್ದ ವಿಮಾನ ನಿಲ್ದಾಣ ಖಾಲಿ. ವಿಳಂಬವಾಯಿತು, ಸಂಕಟವಾಯಿತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಯಾವ ಹಳ್ಳಿಗೆ ಮೊದಲು ಟಾರ್ಪಾಲು ಹೋಗಬೇಕೆಂದು ತೀರ್ಮಾನಿಸಿದವರು ಆ ದೇಶದ ಅಧಿಕಾರಿಗಳು, ಚರ್ಚಿನವರು, ಮಹಿಳಾ ಗುಂಪಿನವರು, ಸ್ಥಳೀಯ ಸಂಸ್ಥೆಗಳವರು. ಪ್ಯಾಮ್ ನಂತರ ಹುಟ್ಟಿದ ಮಹಿಳೆಯರ ಒಂದು ಜಾಲ ಅಲ್ಲಿದೆ. ಅದರ ಹೆಸರೇ ಬಿಸ್ಲಾಮಾ ಭಾಷೆಯಲ್ಲಿ 'ವಿಮೆನ್ ಐ ಟೋಕ್ ಟೋಕ್ ಟುಗೆಟಾ', ಹೆಂಗಸರು ಕೂಡಿ ಮಾತಾಡುತ್ತಾರೆ ಎಂದರ್ಥ. ದಾನಿ ಸಂಸ್ಥೆಗಳ ತಜ್ಞರು ಆಗ ದೂರದ ನಗರಗಳಲ್ಲಿ ಕುಳಿತು ಫೋನ್ ಎತ್ತಿ, ನಿಮಗೇನು ಬೇಕು ಎಂದು ಕೇಳುವ ಸ್ಥಿತಿಗೆ ಬಂದರು. ಅದಕ್ಕೆ ಮೊದಲು ನಿಮಗೆ ಇದು ಬೇಕು ಎಂದು ಹೇಳುತ್ತಿದ್ದವರು ಅವರೇ.

ಹಣದ ಮಾತು ಬಂದಿತಲ್ಲ, ನನ್ನದೇ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ನಾನು ಒಂದು ಜಿಲ್ಲಾ ಒಕ್ಕೂಟದ ಕಾರ್ಯದರ್ಶಿಯಾಗಿದ್ದೆ, ಹೆಸರು ಬೇಡ. ಒಂದು ದಾನಿ ಸಂಸ್ಥೆ ಅರ್ಜಿ ಕರೆಯಿತು. ನಮ್ಮ ಸದಸ್ಯ ಸಂಘಗಳು ಊರೂರಿನಲ್ಲಿ ಮಾಡಿದ ಕೆಲಸವನ್ನೆಲ್ಲ ಸೇರಿಸಿ ನಾನು ಚೆಂದದ ಅರ್ಜಿ ಬರೆದೆ. ಸದಸ್ಯರಲ್ಲಿ ಮೂರು ಸಂಘಗಳು ತಾವೂ ಅರ್ಜಿ ಹಾಕಿದ್ದವು. ಹಣ ನಮಗೆ ಬಂತು, ಅವರಿಗೆ ಬರಲಿಲ್ಲ. ಮುಂದಿನ ಸಭೆಗೆ ನಲವತ್ತು ಜನರಿಗೆಂದು ಅವಲಕ್ಕಿ ಮಾಡಿಸಿದ್ದೆವು, ಬಂದವರು ಆರು ಜನ. ಉಳಿದ ಅವಲಕ್ಕಿಯನ್ನು ಬುಟ್ಟಿಯಲ್ಲಿ ಹೊತ್ತು ಮನೆಗೆ ಹೋಗುವಾಗ ನನಗೆ ಅರ್ಥವಾಯಿತು, ಬಡಿಸಬೇಕಾದವನು ನಾನು ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕುಳಿತಿದ್ದೆ. ಕೊಡೆ ಸಂಘಟನೆಗಳ ಹಣೆಬರಹವೇ ಇದು. ಮೂರು ವರ್ಷದ ಯೋಜನೆಗೆ ಹಣ ಬರುತ್ತದೆ, ಕಚೇರಿ ಬಾಡಿಗೆಗೆ, ಲೆಕ್ಕಿಗರ ಸಂಬಳಕ್ಕೆ, ಸದಸ್ಯರನ್ನು ಒಂದೆಡೆ ಸೇರಿಸುವ ಟಿಕೆಟ್ಟಿಗೆ ಬರುವುದಿಲ್ಲ. ಬದುಕಬೇಕಾದರೆ ಕೊಡೆಯೇ ಯೋಜನೆಗಳ ಬೆನ್ನು ಹತ್ತಬೇಕು, ಆಗ ತನ್ನ ಸದಸ್ಯರಿಗೇ ಪೈಪೋಟಿಯಾಗಬೇಕು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎನ್ನುತ್ತಾರೆ ನಮ್ಮಲ್ಲಿ. ದಾನಿಗಳ ಲೋಕದಲ್ಲಿ ಅದು ತಿರುವುಮುರುವು: ಇಸಕೊಂಡವನೇ ಮೂರು ತಿಂಗಳಿಗೊಮ್ಮೆ ವರದಿ ಹಿಡಿದು ಕುಣಿಯಬೇಕು.

ಇನ್ನೊಂದು ಮಾತು. ಆ ದ್ವೀಪಗಳಲ್ಲಿ ನಿಜವಾದ ನಾಗರಿಕ ಸಮಾಜ ಎಂದರೆ ನೋಂದಾಯಿತ ಸಂಸ್ಥೆಗಳಿಗಿಂತ ಮೊದಲು ಚರ್ಚು, ಕುಲ, ಹಳ್ಳಿಯ ಮುಖಂಡರ ಕೂಟ. ಪೆಸಿಫಿಕ್ ಚರ್ಚುಗಳ ಸಮ್ಮೇಳನ 1966ರಲ್ಲೇ ಕಟ್ಟಿಕೊಂಡದ್ದು, ಪಿಯಾಂಗೊಗಿಂತ ಕಾಲು ಶತಮಾನ ಹಿರಿಯದು. ಫ್ರಾನ್ಸ್ 1966ರಿಂದ 1996ರವರೆಗೆ ಪೆಸಿಫಿಕ್‌ನ ಮೊರುರೊವಾ, ಫಂಗಟೌಫಾ ದ್ವೀಪಗಳಲ್ಲಿ 193 ಅಣುಸ್ಫೋಟ ನಡೆಸಿದಾಗ ಮೊದಲು ಎದ್ದವರಲ್ಲಿ ಚರ್ಚಿನವರೂ ವಿದ್ಯಾರ್ಥಿಗಳೂ ಇದ್ದರು. 1975ರಲ್ಲಿ ಸುವಾದಲ್ಲಿ ಅಣುಮುಕ್ತ ಪೆಸಿಫಿಕ್ ಸಮ್ಮೇಳನ ನಡೆಯಿತು. ಮುಂದೆ ಆ ಚಳವಳಿಯ ಹೆಸರಿಗೆ 'ಸ್ವತಂತ್ರ' ಎಂಬ ಮಾತೂ ಸೇರಿತು. ಹೊರಗಿನ ಶಾಂತಿವಾದಿ ಗೆಳೆಯರಿಗೆ ಬಾಂಬು ನಿಂತರೆ ಸಾಕಿತ್ತು. ದ್ವೀಪದವರು ಕೇಳಿದ್ದು, ನೆಲವೇ ನಮ್ಮದಲ್ಲದಿದ್ದರೆ ಬಾಂಬು ಬೇಡ ಎನ್ನಲು ನಾವು ಯಾರು ಎಂದು. ಪಾಲುದಾರರ ನಡುವೆ ಹೆಸರಿನ ಜಗಳ ನಡೆದರೆ ಕ್ಷುಲ್ಲಕ ಎಂದು ತಳ್ಳಬೇಡಿ, ಅದರಡಿಯಲ್ಲಿ ಬೇರೇನೋ ಇರುತ್ತದೆ.

ಸಣ್ಣ ಸಂಗತಿಯೊಂದು, ನನಗೆ ತುಂಬಾ ಪ್ರಿಯವಾದದ್ದು. ಫಿಜಿಯ ಶಾರನ್ ಭಗವಾನ್ ರೋಲ್ಸ್ 2000ದ ದಂಗೆಯ ವರ್ಷ ಫೆಮ್‌ಲಿಂಕ್ ಪೆಸಿಫಿಕ್ ಎಂಬ ಸಂಸ್ಥೆ ಕಟ್ಟಿದರು. 2004ರಲ್ಲಿ ಅವರ ಬಳಗ ಒಂದು ರೇಡಿಯೊ ಆರಂಭಿಸಿತು, ಇಡೀ ಕೇಂದ್ರ ಒಂದು ಸೂಟ್‌ಕೇಸಿನಲ್ಲಿ ಹಿಡಿಯುತ್ತಿತ್ತು. ಊರಿನ ಹೆಂಗಸರು ರಾಜಧಾನಿಗೆ ಬಂದು ಮಾತಾಡುವುದು ಬೇಡ, ಪೆಟ್ಟಿಗೆಯೇ ಅವರ ಊರಿಗೆ ಹೋಗಲಿ. ಆಮೇಲೆ ಅದೇ ಹೆಂಗಸರು ಮಳೆಗಾಲದಲ್ಲಿ ಮೊಬೈಲ್ ಸಂದೇಶ ಕಳಿಸಿ ಹೊಳೆ ಎಷ್ಟು ಏರಿದೆ, ಸೇತುವೆ ಮುಳುಗಿದೆಯೇ ಎಂದು ತಿಳಿಸುವ ವ್ಯವಸ್ಥೆ ಬೆಳೆಯಿತು. ಹವಾಮಾನ ಕಚೇರಿಯ ಎಚ್ಚರಿಕೆ ಕೆಳಗೆ ಇಳಿಯಿತು, ಹೊಳೆದಂಡೆಯ ಸುದ್ದಿ ಮೇಲೆ ಹತ್ತಿತು.

ಕೊನೆಯದಾಗಿ, ಅಂತರರಾಷ್ಟ್ರೀಯ ನ್ಯಾಯಾಲಯವಿರುವ ಹೇಗ್ ನಗರದ ಕಥೆ. 2011ರಲ್ಲಿ ಪಲಾವು ದೇಶದ ಅಧ್ಯಕ್ಷರು, ಹವಾಮಾನ ಬದಲಾವಣೆಯ ಬಗ್ಗೆ ದೇಶಗಳ ಹೊಣೆ ಏನು ಎಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳೋಣ ಎಂದು ವಿಶ್ವಸಂಸ್ಥೆಯಲ್ಲಿ ಘೋಷಿಸಿದರು. ದೊಡ್ಡ ದೇಶಗಳು ಮುಖ ಸಿಂಡರಿಸಿದವು, ವಿಷಯ ಅಲ್ಲೇ ತಣ್ಣಗಾಯಿತು. ಎಂಟು ವರ್ಷ ಕಳೆದು, 2019ರಲ್ಲಿ, ಪೋರ್ಟ್ ವಿಲಾದ ಒಂದು ಕಾನೂನು ತರಗತಿಯಲ್ಲಿ 27 ವಿದ್ಯಾರ್ಥಿಗಳು ಅದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡರು. ಪೆಸಿಫಿಕ್‌ನ ನಾಯಕರಿಗೆಲ್ಲ ಪತ್ರ ಬರೆದರು. ವನುವಾಟು ಸರ್ಕಾರ ಕೈಹಿಡಿಯಿತು. ಮುಂದಿನ ವರ್ಷಗಳಲ್ಲಿ ನಡೆದದ್ದೇ ನಿಜವಾದ ಕೆಲಸ: ಒಂದೊಂದೇ ಸಂಘಟನೆ, ಒಂದೊಂದೇ ಸರ್ಕಾರ, ಕೆರಿಬಿಯನ್‌ನವರು, ಆಫ್ರಿಕಾದವರು, ಏಷ್ಯಾದ ವಿದ್ಯಾರ್ಥಿಗಳು. 2022ರಲ್ಲಿ ಪೆಸಿಫಿಕ್ ವೇದಿಕೆಯ ನಾಯಕರು ಬೆಂಬಲಿಸಿದರು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯವನ್ನು ಮತಕ್ಕೂ ಹಾಕದೆ ಒಮ್ಮತದಿಂದ ಒಪ್ಪಿತು, ಸಹಪ್ರಾಯೋಜಕರಾಗಿ 130ಕ್ಕೂ ಹೆಚ್ಚು ದೇಶಗಳಿದ್ದವು. 2025ರ ಜುಲೈ 23ರಂದು ನ್ಯಾಯಾಲಯದ ಸರ್ವಾನುಮತದ ಅಭಿಪ್ರಾಯ ಬಂದಿತು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ, ತಪ್ಪಿದರೆ ಪರಿಹಾರದ ಪ್ರಶ್ನೆಯೂ ಏಳಬಹುದು ಎಂದು.

ಇದರಲ್ಲಿ ವಿದ್ಯಾರ್ಥಿಗಳ ಧೈರ್ಯವನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ನನ್ನ ಪ್ರಶ್ನೆ ಬೇರೆ. ಬೇರೆ ಬೇರೆ ದ್ವೀಪಗಳ ಮಕ್ಕಳು ಒಂದೇ ಬೆಂಚಿಗೆ ಬಂದದ್ದು ಹೇಗೆ? ಅವರು ಓದುತ್ತಿದ್ದುದು ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದಲ್ಲಿ. 1968ರಲ್ಲಿ ಆರಂಭವಾದ ಅದು ಹನ್ನೆರಡು ದೇಶ ಪ್ರಾಂತ್ಯಗಳ ಜಂಟಿ ಆಸ್ತಿ. ಜಂಟಿ ಆಸ್ತಿ ಎಂದ ಮೇಲೆ ಜಗಳವೂ ಇದ್ದದ್ದೇ. 2021ರ ಫೆಬ್ರವರಿಯಲ್ಲಿ ಫಿಜಿ ಸರ್ಕಾರ ಅದರ ಕುಲಪತಿ ಪಾಲ್ ಅಹ್ಲುವಾಲಿಯಾ ಅವರನ್ನು ರಾತ್ರೋರಾತ್ರಿ ದೇಶದಿಂದ ಹೊರಹಾಕಿತು, ತನ್ನ ಪಾಲಿನ ಹಣವನ್ನೂ ತಡೆಹಿಡಿಯಿತು. ಉಳಿದ ಸಣ್ಣ ದೇಶಗಳು ಕುಲಪತಿಯನ್ನು ಬಿಟ್ಟುಕೊಡಲಿಲ್ಲ. 21 ಚದರ ಕಿಲೋಮೀಟರಿನ ನೌರುವಿನಲ್ಲಿ ಕುಳಿತು, ಆಮೇಲೆ ಸಮೋವಾದಲ್ಲಿ ಕುಳಿತು ಅವರು ಆಡಳಿತ ನಡೆಸಿದರು.

ಮುಖ್ಯ ಆವರಣ ಸುವಾದಲ್ಲೇ ಇದೆ. ಎಲ್ಲವನ್ನೂ ಅಲ್ಲೇ ಇಟ್ಟಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು, ಯಾವ ಲೆಕ್ಕಪರಿಶೋಧಕನೂ ಅದನ್ನೇ ಹೇಳುತ್ತಿದ್ದ. ಆದರೆ ಕೃಷಿ ವಿಭಾಗವನ್ನು ಸಮೋವಾದ ಅಲಾಫುವಾದಲ್ಲಿ ಇಟ್ಟರು, ಕಾನೂನು ವಿಭಾಗವನ್ನು ವನುವಾಟುವಿನಲ್ಲಿ ಇಟ್ಟರು. ಸೊಲೊಮನ್ ದ್ವೀಪಗಳ ಸಿಂಥಿಯಾ ಹೌನಿಯುಹಿ ಪೋರ್ಟ್ ವಿಲಾದ ಆ ತರಗತಿಗೆ ಬಂದು ಕುಳಿತದ್ದು ಹಾಗೆ. 2024ರ ಡಿಸೆಂಬರ್ 2ರಂದು ಹೇಗ್‌ನಲ್ಲಿ ವಿಚಾರಣೆ ಆರಂಭವಾದ ದಿನ ನ್ಯಾಯಾಧೀಶರ ಮುಂದೆ ಎದ್ದು ನಿಂತು ಮಾತಾಡಿದವರಲ್ಲಿ ಅವರೂ ಒಬ್ಬರು.